ತಿರುಗಿ ನೋಡುವ ವಿದ್ಯೆ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು ರೋಬೋಗಳಿಗಾಗಿ ಒಂದು ಮನೆ ಇಟ್ಟುಕೊಂಡಿದ್ದಾರೆ. ಸೋಫಾ, ಊಟದ ಮೇಜು, ಅಡುಗೆ ಕೋಣೆ ಎಲ್ಲ ಇರುವ, ನಾಲ್ಕು ಜನರ ಮನೆಗಳ ನಡುವೆ ನಿಂತಿರುವ ಮಾಮೂಲಿ ಮನೆ. ಅಲ್ಲಿ ಸನ್‌ಫ್ಲವರ್ ಎಂಬ ಯಂತ್ರವೊಂದು ಓಡಾಡುತ್ತಿತ್ತು. ಹೆಸರಿನಲ್ಲಿರುವ ಚೆಂದ ರೂಪದಲ್ಲಿಲ್ಲ. ಚಕ್ರದ ಬುಡ, ಸಾಮಾನಿಡಲು ಒಂದು ತಟ್ಟೆ, ಬಣ್ಣದ ದೀಪ, ಮೇಲೆ ಅತ್ತಿತ್ತ ತಿರುಗುವ ತಲೆ. ಕೈಯಿಲ್ಲ, ಬಾಲವಿಲ್ಲ, ಮಾತಿಲ್ಲ. 2013ರ ಸುಮಾರಿಗೆ ಅದಕ್ಕೊಂದು ಕೆಲಸ ಕಲಿಸಿದರು. ಬಾಗಿಲ ಗಂಟೆ ಕೇಳಿಸದವರಿಗೆ ಯಾರೋ ಬಂದಿದ್ದಾರೆಂದು ತಿಳಿಸಬೇಕು. ಕಿವಿ ಕೇಳದವರ ನೆರವಿಗೆಂದೇ ಪಳಗಿಸಿದ ನಾಯಿಗಳು ಈ ಕೆಲಸವನ್ನು ಹೇಗೆ ಮಾಡುತ್ತವೆಂದು ನೋಡಿ, ಆ ನಡೆಯನ್ನೇ ಯಂತ್ರಕ್ಕೆ ಇಳಿಸಿದರು. ಯಂತ್ರ ಕೂತವರ ಬಳಿ ಬರುತ್ತದೆ. ಅವರ ಕಡೆ ತಲೆ ತಿರುಗಿಸುತ್ತದೆ. ಆಮೇಲೆ ಬಾಗಿಲ ಕಡೆ, ಮತ್ತೆ ಅವರ ಕಡೆ. ಸ್ವಲ್ಪ ಮುಂದೆ ಹೋಗಿ ನಿಂತು, ಬರುತ್ತಿದ್ದಾರೋ ಇಲ್ಲವೋ ಎಂದು ಹಿಂದಕ್ಕೆ ನೋಡುತ್ತದೆ. ಪ್ರಯೋಗಕ್ಕೆ ಬಂದವರಿಗೆ ಯಾರೂ ಪಾಠ ಹೇಳಿರಲಿಲ್ಲ. ಆದರೂ ಅವರಿಗೆ ಅರ್ಥವಾಯಿತು, ಎದ್ದು ಅದರ ಹಿಂದೆ ಹೋದರು.

ಇದನ್ನು ಓದಿ ನನಗೆ ನಗು ಬಂತು. ಇಷ್ಟೇ ಕೆಲಸವನ್ನು ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಕೆಳಗಿಳಿದರೆ ಸಿಗುವ ಒಂದು ಅಡಕೆ ತೋಟದ ಮನೆಯಲ್ಲಿ ಟಾಮಿ ಎಂಬ ಬಡಕಲು ನಾಯಿ ದಿನಾ ಮಾಡುತ್ತದೆ. ಆ ಮನೆಯ ಅಜ್ಜಿಗೆ ಕಿವಿ ಪೂರಾ ಮಂದ. ಮಗ ತಂದುಕೊಟ್ಟ ಶ್ರವಣಯಂತ್ರ ದೇವರಕೋಣೆಯ ಗೂಡಿನಲ್ಲಿ ಡಬ್ಬಿಯೊಳಗೆ ಭದ್ರವಾಗಿದೆ. ಅದನ್ನು ಹಾಕಿಕೊಂಡರೆ ಮಿಕ್ಸಿಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲವೆಂಬುದು ಅಜ್ಜಿಯ ದೂರು. ಯಾರಾದರೂ ಗೇಟು ತೆರೆದರೆ ಟಾಮಿ ಅಂಗಳದಲ್ಲಿ ನಿಂತು ಬೊಗಳುತ್ತದೆ. ಅದು ಬಂದವರಿಗೆ. ಆಮೇಲೆ ಸದ್ದು ನಿಲ್ಲಿಸಿ ಮನೆಯ ಹಿಂದುಗಡೆಗೆ ಹೋಗುತ್ತದೆ. ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕುತ್ತಾ ಕೂತ ಅಜ್ಜಿಯ ಕಣ್ಣಿಗೆ ಬೀಳುವ ಹಾಗೆ, ಬೆನ್ನ ಹಿಂದೆ ನಿಲ್ಲದೆ ಎದುರಿಗೇ ಬಂದು ನಿಲ್ಲುತ್ತದೆ. ಮುಖ ನೋಡುತ್ತದೆ, ಅಂಗಳದ ದಿಕ್ಕಿಗೆ ನೋಡುತ್ತದೆ, ಮತ್ತೆ ಮುಖ ನೋಡುತ್ತದೆ. "ಆರು ಬಂದದು?" ಯಾರು ಬಂದದ್ದು ಎಂದು ಅಜ್ಜಿ ಕೇಳುತ್ತಾರೆ, ನಾಯಿಯನ್ನೇ. ಅದು ನಾಲ್ಕು ಹೆಜ್ಜೆ ಹೋಗಿ ಕತ್ತು ತಿರುಗಿಸುತ್ತದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಏಳುತ್ತಾರೆ.

ನನ್ನನ್ನು ಕಟ್ಟಿಹಾಕುವುದು ಆ ಮೌನ. ಬಂದವನಿಗೆ ಬೊಗಳುವ ನಾಯಿ ಅಜ್ಜಿಗೆ ಬೊಗಳುವುದಿಲ್ಲ. ಬೊಗಳಿ ಪ್ರಯೋಜನವಿಲ್ಲ ಎಂಬುದು ಅದಕ್ಕೆ ಹೇಗೆ ಹೊಳೆಯಿತು? ಅಜ್ಜಿಯ ಕಿವಿ ಎಲ್ಲಿ ಮುಗಿಯುತ್ತದೆ, ಕಣ್ಣು ಎಲ್ಲಿ ಶುರುವಾಗುತ್ತದೆ ಎಂಬ ಲೆಕ್ಕವನ್ನು ಅದು ಯಾವ ತಲೆಯಲ್ಲಿ ಹಾಕಿಕೊಂಡಿತು? ಹತ್ತು ಸಲ ಬೊಗಳಿ ಸೋತಿರಬಹುದು, ಹನ್ನೊಂದನೆಯ ಸಲ ಎದುರು ನಿಂತಾಗ ಗೆದ್ದಿರಬಹುದು. ಅಭ್ಯಾಸಬಲ, ಅಷ್ಟೇ ಎಂದು ತಿಳಿದವರು ಹೇಳಿಯಾರು. ಇರಲಿ. ನನಗೆ ಎದುರಿಗಿರುವವರ ಹೆಸರು ನೆನಪಾಗದಿದ್ದಾಗ ನಾನು ಮಾಡುವುದೂ ಅಭ್ಯಾಸಬಲವೇ.

ಈ ತಿರುಗಿ ನೋಡುವುದರ ಬಗ್ಗೆ ಬುಡಾಪೆಸ್ಟಿನಲ್ಲಿ ಕೂತು ವರ್ಷಗಟ್ಟಲೆ ತಲೆಕೆಡಿಸಿಕೊಂಡವರಿದ್ದಾರೆ. ಅಲ್ಲಿನ ಎಟ್ವೆಶ್ ಲೋರಾಂಡ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ವಿಲ್ಮೋಶ್ ಚಾನಿ, ಆಡಾಮ್ ಮಿಕ್ಲೋಶಿ, ಯೋಜೆಫ್ ತೋಪಾಲ್ ಸಾಕುನಾಯಿಗಳ ಮೇಲೆ ಅಧ್ಯಯನ ಶುರುಮಾಡಿದರು. ಆಗಿನ ಪ್ರಾಣಿವಿಜ್ಞಾನಿಗಳಿಗೆ ನಾಯಿ ಎಂದರೆ ಅಸಡ್ಡೆ. ಚಿಂಪಾಂಜಿ, ತೋಳ, ಡಾಲ್ಫಿನ್‌ಗಳ ಗೌರವ ಅದಕ್ಕಿರಲಿಲ್ಲ. ಮನುಷ್ಯನ ಅನ್ನ ತಿಂದು ಕೆಟ್ಟುಹೋದ ತೋಳವನ್ನು ನೋಡಿ ಏನು ತಿಳಿಯಬೇಕು ಎಂಬ ಧೋರಣೆ. 2003ರಲ್ಲಿ ಇವರ ತಂಡ ಪ್ರಕಟಿಸಿದ ಪ್ರಯೋಗ ಎಷ್ಟು ಸರಳವೆಂದರೆ ನಮ್ಮ ಶಾಲೆಯ ಅಂಗಳದಲ್ಲೂ ಮಾಡಬಹುದು, ತೋಳವೊಂದು ಸಿಕ್ಕಿದರೆ. ಮರಿಯಾಗಿದ್ದಾಗಿನಿಂದ ಮನುಷ್ಯರೇ ಕೈತುತ್ತು ಹಾಕಿ ಬೆಳೆಸಿದ ತೋಳಗಳು ಒಂದು ಕಡೆ, ನಾಯಿಗಳು ಇನ್ನೊಂದು ಕಡೆ. ಮಾಂಸದ ತುಂಡನ್ನು ಹೊರತೆಗೆಯುವ ಉಪಾಯವನ್ನು ಮೊದಲು ಎರಡಕ್ಕೂ ಕಲಿಸಿದರು. ಆಮೇಲೆ ಗುಟ್ಟಾಗಿ, ಏನು ಮಾಡಿದರೂ ಮಾಂಸ ಬಾರದ ಹಾಗೆ ಬಿಗಿದುಬಿಟ್ಟರು. ತೋಳಗಳು ಎಳೆದವು, ಕೆರೆದವು, ಬಿಡದೆ ಹೆಣಗಿದವು. ನಾಯಿಗಳು ತುಸು ಹೊತ್ತು ಪ್ರಯತ್ನಿಸಿ, ಕೈಬಿಟ್ಟು, ಪಕ್ಕದಲ್ಲಿ ನಿಂತ ಮನುಷ್ಯನ ಮುಖಕ್ಕೆ ಕಣ್ಣು ಹಾಯಿಸಿದವು.

ನೀತಿಪಾಠದ ಲೆಕ್ಕದಲ್ಲಿ ತೋಳವೇ ಮೇಲು. ಸ್ವಾವಲಂಬಿ, ಛಲಗಾರ. ನಾಯಿಯದ್ದು ಪರಾವಲಂಬನೆ. ಆದರೆ ಕಾಸರಗೋಡಿನಲ್ಲಿ ಬದುಕಿದವರಿಗೆ ಆ ನೋಟದ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಸರಕಾರಿ ಕಚೇರಿಯ ಕಿಟಕಿಯಲ್ಲಿ ಮಲಯಾಳದ ಅರ್ಜಿಯೊಂದು ಕೈಗೆ ಬಂದಾಗ, ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದನ್ನು ಒಮ್ಮೆ ಮೇಲೆ ಕೆಳಗೆ ಮಾಡಿ, ಆಮೇಲೆ ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಬ್ಯಾರಿಯಿರಲಿ, ತುಳುವರಿರಲಿ, ಮರಾಠಿಯಿರಲಿ, ಪೆನ್ನು ತೆಗೆಯುತ್ತಾರೆ. ಏಳು ಭಾಷೆಗಳ ಈ ನೆಲ ನಡೆಯುತ್ತಿರುವುದೇ ಈ ನೋಟದ ಬಲದಿಂದ.

ನಾಯಿಗೆ ಇದು ಒಂದು ದಿನದಲ್ಲಿ ಬಂದದ್ದಲ್ಲ. ಹದಿನೈದು ಸಾವಿರ ವರ್ಷವೋ, ಇನ್ನೂ ಹೆಚ್ಚೋ, ನಮ್ಮ ಒಲೆಯ ಸುತ್ತ ಸುಳಿದಾಡುತ್ತಾ ಅದರ ಮುಖದ ಮಾಂಸಖಂಡವೇ ಬದಲಾಯಿತು. ಒಳಹುಬ್ಬನ್ನು ಮೇಲಕ್ಕೆತ್ತಿ ಕಣ್ಣನ್ನು ದೊಡ್ಡದು ಮಾಡುವ ಒಂದು ಸಣ್ಣ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು 2019ರಲ್ಲಿ ತೋರಿಸಿದರು. ಊಟದ ಹೊತ್ತಿಗೆ ಜಗಲಿಯ ಮೆಟ್ಟಿಲ ಬುಡದಲ್ಲಿ ಕೂತು ಟಾಮಿ ಮಾಡುವ ಆ ಪಾಪದ ಮುಖ ಇದೆಯಲ್ಲ, ಅದರ ಹಿಂದೆ ಅಷ್ಟು ತಲೆಮಾರುಗಳ ದುಡಿಮೆಯಿದೆ. ಜಪಾನಿನ ಸಂಶೋಧಕರು 2015ರಲ್ಲಿ ಕಂಡಂತೆ, ನಾಯಿ ಮತ್ತು ಅದರ ಯಜಮಾನ ಒಬ್ಬರನ್ನೊಬ್ಬರು ನೋಡುತ್ತಿದ್ದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ, ತಾಯಿ ಮಗುವನ್ನು ನೋಡುವಾಗ ಏರುವ ಅದೇ ರಸ.

ಈ ನಂಟು ಕಲ್ಲಿನಲ್ಲೂ ಉಳಿದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಲ್ಲಿರುವ ಕಲ್ಲೊಂದಿದೆ, ಸುಮಾರು ಕ್ರಿ.ಶ. 950ರದ್ದು. ತಕ್ಕೋಲದ ಯುದ್ಧ ಮುಗಿದಿದೆ, ಚೋಳ ರಾಜಾದಿತ್ಯ ಬಿದ್ದಿದ್ದಾನೆ. ಗಂಗರ ಅರಸ ಬೂತುಗ ತನ್ನ ವೀರ ಮಣಲೆರನಿಗೆ ಬೇಕಾದ್ದು ಕೇಳು ಎನ್ನುತ್ತಾನೆ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕಲ್ಲಿನ ಮೇಲೆ ಇಂದಿಗೂ ಅವೆರಡೂ ಕಚ್ಚಾಡುತ್ತಿವೆ. ಸಾಮ್ರಾಜ್ಯಗಳ ಗೆಲುವು ಸೋಲಿನ ವರದಿ ಆ ಕಲ್ಲಿನಲ್ಲಿ ಉಳಿದದ್ದೇ ಒಂದು ನಾಯಿಯ ನೆಪದಿಂದ.

ಇಷ್ಟು ಹೇಳಿ ಬೀದಿನಾಯಿಯ ವಿಷಯ ಎತ್ತದಿದ್ದರೆ ತಪ್ಪಾದೀತು. ನಾಯಿ ಎಂದರೆ ಹೃದಯ ಕರಗುವವರ ಜೊತೆಗೆ, ಮಕ್ಕಳನ್ನು ಶಾಲೆಗೆ ಕಳಿಸಿ ಕೋಲು ಹಿಡಿದು ದಾರಿಯ ತಿರುವಿನಲ್ಲಿ ಕಾಯುವ ತಾಯಂದಿರೂ ಇದೇ ಜಿಲ್ಲೆಯಲ್ಲಿದ್ದಾರೆ. ಅವರ ಹೆದರಿಕೆಯನ್ನು ಹಗುರ ಮಾಡಿ ಬರೆಯಲು ನನಗೆ ಮನಸ್ಸಿಲ್ಲ. ಆದರೆ ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ವಿದ್ಯಾರ್ಥಿಗಳು ಭಾರತದ ಬೀದಿನಾಯಿಗಳನ್ನೇ ಹಿಂಬಾಲಿಸಿ ಕಂಡ ಒಂದು ಸಂಗತಿ ಇಲ್ಲಿಗೆ ಬೇಕು. ಯಾರೂ ಪಳಗಿಸದ, ಯಾರ ಮನೆಗೂ ಸೇರದ ಆ ನಾಯಿಗಳು ಕೂಡ ಅಪರಿಚಿತನೊಬ್ಬ ಬೆರಳು ತೋರಿದ ಬಟ್ಟಲಿನ ಕಡೆಗೆ ಹೋಗುತ್ತವೆ. ಮತ್ತೆ ಮತ್ತೆ ಅನ್ನ ಹಾಕಿದವನಿಗಿಂತ ಮತ್ತೆ ಮತ್ತೆ ತಲೆ ನೇವರಿಸಿದವನ ಮೇಲೆ ಅವುಗಳಿಗೆ ನಂಬಿಕೆ ಬೇಗ ಬೆಳೆಯುತ್ತದೆ. ಅಂದರೆ ಮನುಷ್ಯನನ್ನು ಓದುವ ವಿದ್ಯೆಗೆ ಯಾರ ತರಬೇತಿಯೂ ಬೇಕಿಲ್ಲ. ನಮ್ಮ ನೆರೆಯ ಪರಶ್ಶಿನಿಕಡವಿನಲ್ಲಿ ಮುತ್ತಪ್ಪನ ಸನ್ನಿಧಿಯೊಳಗೆ ನಾಯಿಗಳು ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿಕೊಂಡಿರುವುದನ್ನು ಕಂಡವರಿಗೆ, ಇದೇನು ಸುದ್ದಿ ಎನಿಸಬಹುದು.

ಈಗ ಯಂತ್ರಕ್ಕೆ ಬರೋಣ. ಮನೆಗಳಲ್ಲಿ ಮನುಷ್ಯರ ಜೊತೆ ಇರಬೇಕಾದ ರೋಬೋ ಹೇಗಿರಬೇಕು ಎಂಬ ಪ್ರಶ್ನೆಗೆ ಬಹುಕಾಲ ಸಿಕ್ಕ ಉತ್ತರ, ಮನುಷ್ಯನ ಹಾಗೆ ಎಂಬುದೇ. ಚರ್ಮ, ತುಟಿ, ಮುಗುಳ್ನಗೆ. ಅದು ಎಷ್ಟು ಹತ್ತಿರ ಬಂತೋ ಅಷ್ಟು ಹೇಸಿಗೆ ಹುಟ್ಟಿಸಿತು. ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು: ಯಂತ್ರ ಮನುಷ್ಯನಿಗೆ ಹೋಲುತ್ತಾ ಹೋದಂತೆ ನಮ್ಮ ಪ್ರೀತಿ ಏರುತ್ತದೆ, ಆದರೆ ಇನ್ನೇನು ಸರಿಸಮ ಎನ್ನುವಾಗ ಒಮ್ಮೆಲೇ ಕಂದಕಕ್ಕೆ ಬೀಳುತ್ತದೆ. ಮೋರಿ ಬರೆದ ಆ ಚಿತ್ರದಲ್ಲಿ ಎಲ್ಲರೂ ಕಂದಕವನ್ನೇ ನೋಡುತ್ತಾರೆ. ನನಗೆ ಇಷ್ಟವಾದದ್ದು ಕಂದಕದಾಚೆ, ಆರೋಗ್ಯವಂತ ಮನುಷ್ಯನ ಸಮೀಪದಲ್ಲಿ ಅವರು ಇಟ್ಟಿರುವ ಒಂದು ಚುಕ್ಕಿ. ಅದು ಬುನ್‌ರಾಕು, ಜಪಾನಿನ ಸಾಂಪ್ರದಾಯಿಕ ಬೊಂಬೆಯಾಟದ ಬೊಂಬೆ. ಹತ್ತಿರದಿಂದ ನೋಡಿದರೆ ಅದು ಮರವೇ. ಆದರೂ ಆಟ ನಡೆಯುವಾಗ ನಮಗೆ ಅದು ಜೀವ.

ಈ ಮಾತನ್ನು ಪರೀಕ್ಷಿಸಲು ನಮ್ಮವರು ಜಪಾನಿಗೆ ಹೋಗಬೇಕಾಗಿಲ್ಲ. ಕಾಸರಗೋಡಿನಲ್ಲಿ ಕೆ.ವಿ. ರಮೇಶರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ 1981ರಿಂದ ತೆಂಕುತಿಟ್ಟಿನ ಬೊಂಬೆಗಳನ್ನು ಕುಣಿಸುತ್ತಿದೆ. ಒಂದೂವರೆ ಅಡಿ ಆಸುಪಾಸಿನ ಬೊಂಬೆ. ಕಿರೀಟ, ಭುಜಕೀರ್ತಿ ಎಲ್ಲ ಇದೆ, ಆದರೆ ಕೆತ್ತಿದ ಮುಖದಲ್ಲಿ ಕಣ್ಣು ಮಿಟುಕುವುದಿಲ್ಲ, ತುಟಿ ಅಲುಗುವುದಿಲ್ಲ. ಮುಂದಿನ ಸಲ ಆಟ ನೋಡುವಾಗ ಮಾತಾಡುತ್ತಿರುವ ಬೊಂಬೆಯನ್ನು ಬಿಟ್ಟು, ಕೇಳುತ್ತಿರುವ ಬೊಂಬೆಯನ್ನು ನೋಡಿ. ಅರ್ಥ ಹೇಳುವವನ ಕಡೆಗೆ ಅದು ತುಸು ತಿರುಗುತ್ತದೆ. ಒಂದು ಮಾತಿಗೆ ಕತ್ತು ಮೇಲಾಗುತ್ತದೆ. ಇನ್ನೊಂದಕ್ಕೆ ಒಂದು ಗಳಿಗೆ ತಡೆದು ತಲೆ ಬಾಗುತ್ತದೆ. ಜೀವ ಬರುವುದು ಅಲ್ಲಿ. ಕೇಳುವ ಬೊಂಬೆಯ ಸೂತ್ರ ಸಡಿಲಬಿಟ್ಟ ಆಟಗಾರನ ರಂಗದಲ್ಲಿ, ಮಾತಾಡುವ ಬೊಂಬೆ ಎಷ್ಟು ಹಾರಿ ಕುಣಿದರೂ ಎರಡೂ ಮರವಾಗಿಯೇ ಉಳಿಯುತ್ತವೆ.

ಮಿಕ್ಲೋಶಿ ಮತ್ತು ಅವರ ಜೊತೆಗಾರರು ನಾಯಿಯಿಂದ ಯಂತ್ರಕ್ಕೆ ದಾಟಿಸಲು ಹೊರಟದ್ದು ಹೆಚ್ಚುಕಡಿಮೆ ಇದನ್ನೇ. ಎಥೋರೊಬೋಟಿಕ್ಸ್ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ಅವರ ವಾದ ಇದು: ನಾಯಿ ಮನುಷ್ಯನಂತಾಗಲು ಹೋಗಲಿಲ್ಲ. ನಾಯಿಯಾಗಿಯೇ ಉಳಿದು, ನಮ್ಮ ಬದುಕಿನಲ್ಲಿ ತನಗೊಂದು ಜಾಗ ಮಾಡಿಕೊಂಡಿತು. ರೋಬೋ ಕೂಡ ಬೇರೆಯೇ ಒಂದು ಜೀವಜಾತಿಯ ಹಾಗೆ ತನ್ನ ಕೆಲಸಕ್ಕೆ ತಕ್ಕ ಮೈಯಿಟ್ಟುಕೊಂಡು, ನಮ್ಮೊಡನೆ ಒಡನಾಡುವ ಕೆಲವು ನಡೆಗಳನ್ನು ಮಾತ್ರ ಕಲಿಯಲಿ. ಬಂದವರನ್ನು ಎದುರುಗೊಳ್ಳುವುದು, ಯಜಮಾನನ ಹತ್ತಿರವಿರಲು ಬಯಸುವುದು, ಕೆಲಸ ಕೈಗೂಡದಿದ್ದಾಗ ಮುಖ ನೋಡುವುದು. ಬಾಲ ಬೇಕಿಲ್ಲ, ರೋಮ ಬೇಕಿಲ್ಲ. ಸನ್‌ಫ್ಲವರ್‌ಗೆ ಬಾಗಿಲ ಕೆಲಸ ಕಲಿಸಿದ್ದು ಇಂಥ ಯೋಚನೆಯಿಂದ. ಹರ್ಟ್‌ಫರ್ಡ್‌ಶೈರಿನವರ ಜೊತೆ ಆ ಪ್ರಯೋಗದಲ್ಲಿ ಬುಡಾಪೆಸ್ಟಿನವರೂ ಇದ್ದರು.

ರೂಪವನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ತೃಶ್ಶೂರು ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನಕ್ಕೆ 2023ರ ಫೆಬ್ರವರಿಯಲ್ಲಿ ಬಂದ ಯಾಂತ್ರಿಕ ಆನೆ ಒಳ್ಳೆಯ ಉದಾಹರಣೆ. ಸಂಕೋಲೆ ಹೊತ್ತ ಆನೆಗಳ ಪಾಡು ಕಂಡವನಿಗೆ ಅದರ ಬಗ್ಗೆ ಹಗುರ ಮಾತು ಬರಬಾರದು. ಉದ್ದೇಶ ಒಳ್ಳೆಯದು, ಕೆಲಸಕ್ಕೂ ಆಗುತ್ತದೆ. ಕಿವಿ ಬೀಸುತ್ತದೆ, ಬಾಲ ಆಡಿಸುತ್ತದೆ, ಸೊಂಡಿಲೆತ್ತುತ್ತದೆ. ಆದರೆ ಯಾರಿಗಾಗಿಯೂ ಎತ್ತುವುದಿಲ್ಲ. ಎದುರು ನಿಂತ ಮಗು ಬಾಳೆಹಣ್ಣು ಚಾಚಿದರೂ, ಚಾಚದಿದ್ದರೂ ಅದರ ಕಿವಿಗಳ ಲಯ ಒಂದೇ.

ಆದರೂ ಈ ವಾದವನ್ನು ಬಿಗಿ ಮಾಡಿ ಗಂಟು ಹಾಕಲು ಹೋದರೆ ಕುಂಬಳೆ ಬಳಿಯ ಅನಂತಪುರದ ಕೆರೆ ಅಡ್ಡ ಬರುತ್ತದೆ. ಅಲ್ಲಿದ್ದ ಮೊಸಳೆ ಬಬಿಯಾ ಯಾರ ಮುಖವನ್ನು ಹುಡುಕಿತ್ತು? ಮೊಸಳೆಗೆ ಹುಬ್ಬಿನ ಸ್ನಾಯುವಿಲ್ಲ, ಆಡಿಸಲು ಸ್ನೇಹದ ಬಾಲವಿಲ್ಲ. ನೈವೇದ್ಯದ ಅನ್ನಕ್ಕೆ ಬಾಯ್ತೆರೆದು, ಮತ್ತೆ ನೀರಿಗೆ ಇಳಿಯುತ್ತಿತ್ತು. 2022ರ ಅಕ್ಟೋಬರ್ 9ರ ರಾತ್ರಿ ಅದು ತೀರಿಕೊಂಡಾಗ ಸಾವಿರಾರು ಮಂದಿ ಹೂ ಹಿಡಿದು ಬಂದರು. ಆ ಸಂಬಂಧದಲ್ಲಿ ನೋಡುವ ಕೆಲಸವನ್ನೆಲ್ಲ ಮನುಷ್ಯರೇ ಮಾಡಿದ್ದರು. ಅಂದರೆ ಇತ್ತ ಕಡೆಯಿಂದ ಹೊರಡುವ ಪ್ರೀತಿಗೆ ಅತ್ತ ಕಡೆಯ ಉತ್ತರ ಅಷ್ಟೇನೂ ಅಗತ್ಯವಿಲ್ಲವೆಂದಾಯಿತು. ನಾಯಿ ನಮಗೆ ಕೊಡುವ ಒಂದು ನೋಟ ಹೆಚ್ಚಿನ ಉಡುಗೊರೆ. ನಾವು ಅದಿಲ್ಲದೆಯೂ ಸೋಲಲು ತಯಾರಾಗಿಯೇ ಇರುವವರು.

ಯಂತ್ರಗಳ ತಯಾರಕರಿಗೆ ಇದು ಗೊತ್ತು. ಸೋನಿ ಕಂಪನಿ 1999ರಲ್ಲಿ ಐಬೋ ಎಂಬ ನಾಯಿರೋಬೋವನ್ನು ಎರಡೂವರೆ ಲಕ್ಷ ಯೆನ್ ಬೆಲೆಗೆ ತಂದಾಗ ಜಪಾನಿಗೆಂದು ಇಟ್ಟ 3,000 ಐಬೋಗಳು ಇಪ್ಪತ್ತು ನಿಮಿಷದಲ್ಲಿ ಖಾಲಿಯಾದವು. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ರಿಪೇರಿಯೂ ನಿಂತಿತು. ಆಮೇಲೆ ಟೋಕಿಯೋ ಹತ್ತಿರದ ಇಸುಮಿ ಎಂಬಲ್ಲಿನ ಬೌದ್ಧ ದೇವಾಲಯವೊಂದರಲ್ಲಿ, ಇನ್ನು ದುರಸ್ತಿಯಾಗದ ನೂರಾರು ಐಬೋಗಳಿಗೆ ಮಂತ್ರ ಹೇಳಿ ಅಂತಿಮ ಸಂಸ್ಕಾರ ಮಾಡಿದರು. ಅವುಗಳ ಬಿಡಿಭಾಗಗಳು ಬೇರೆ ಐಬೋಗಳ ಮೈಗೆ ಹೋದವು. ನಗುವವರು ನಗಬಹುದು. ಆಯುಧಪೂಜೆಯ ದಿನ ಅಡಕೆಗೆ ಮದ್ದು ಬಿಡುವ ಪಂಪಿಗೂ ಕುಂಕುಮ ಹಚ್ಚುವ ನಮ್ಮೂರಿನವರು ಮಾತ್ರ ನಗಲಾರರು.

ನಾಯಿಗಳು ಐಬೋವನ್ನು ಕಂಡು ಏನೆಂದವು? ಅದನ್ನೂ ಬುಡಾಪೆಸ್ಟಿನವರು ನೋಡಿದ್ದಾರೆ. ಐಬೋ, ರೋಮದ ಹೊದಿಕೆ ತೊಡಿಸಿದ ಐಬೋ, ಆಟದ ಕಾರು ಮತ್ತು ನಿಜವಾದ ನಾಯಿಮರಿಯನ್ನು ಒಂದೊಂದಾಗಿ ನಾಯಿಗಳ ಮುಂದೆ ಬಿಟ್ಟರು. ಮೂಸಿ ನೋಡುವ ಆಸಕ್ತಿ ಮರಿಯ ಮೇಲೆಯೇ ಹೆಚ್ಚು. ಅನ್ನದ ಬಳಿ ಯಂತ್ರ ಸುಳಿದಾಗ ಗುರುಗುಟ್ಟಿದ ನಾಯಿಗಳೂ ಇದ್ದವು. ಒಟ್ಟಿನಲ್ಲಿ ನಾಯಿಯ ರೂಪಕ್ಕೆ ನಾವು ಮರುಳಾದಷ್ಟು ನಾಯಿ ಮರುಳಾಗಲಿಲ್ಲ.

ಪರದೆಯ ಮೇಲೆ ಇದರ ಉಲ್ಟಾ ಆಟವೂ ನಡೆದಿದೆ. ಕಾಸರಗೋಡಿನವರೇ ಆದ ಕಿರಣ್‌ರಾಜ್ ನಿರ್ದೇಶಿಸಿದ '777 ಚಾರ್ಲಿ' 2022ರ ಜೂನಿನಲ್ಲಿ ಬಂದಾಗ ಚಿತ್ರಮಂದಿರದಲ್ಲಿ ಗಂಡಸರು ಕರವಸ್ತ್ರ ಹುಡುಕುತ್ತಿದ್ದರು. ಸಿನಿಮಾದ ನಾಯಿ ಎಂದರೆ ಚೌಕಟ್ಟಿನ ಹೊರಗೆಲ್ಲೋ ನಿಂತ ತರಬೇತುದಾರನ ಮೇಲೆ ಕಣ್ಣಿಟ್ಟು ಕೆಲಸ ಮಾಡುವ ಜೀವ. ಕತ್ತರಿಸಿ ಜೋಡಿಸಿದಾಗ ಆ ಕಣ್ಣು ಕಥಾನಾಯಕ ಧರ್ಮನ ಮೇಲೆ ಬಿದ್ದ ಹಾಗೆ ನಮಗೆ ಕಾಣುತ್ತದೆ. ನೋಟ ನಿಜ, ದಿಕ್ಕು ಮಾತ್ರ ಸಂಕಲನಕಾರನದು. ಅತ್ತವರಿಗೆ ಇದರಿಂದ ಯಾವ ಮೋಸವೂ ಆಗಲಿಲ್ಲವೆಂದೇ ನನ್ನ ಅಭಿಪ್ರಾಯ.

ಈ ದಿಕ್ಕಿನ ವಿಷಯವೇ ನನ್ನನ್ನು ಕೊರೆಯುವುದು. ಇಲ್ಲಿನ ತೋಟದ ಮನೆಗಳಲ್ಲಿ ಈಗ ಉಳಿದಿರುವುದು ಇಬ್ಬರು ಹಿರಿಯರು, ಒಂದು ನಾಯಿ ಮತ್ತು ಚಾವಡಿಯ ಮೂಲೆಯಲ್ಲೊಂದು ಸಿಸಿಟಿವಿ ಕ್ಯಾಮರಾ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ. ಕ್ಯಾಮರಾ ಎಂದೂ ಅಪ್ಪನ ಮುಖ ನೋಡುವುದಿಲ್ಲ, ಅಪ್ಪನನ್ನು ನೋಡುತ್ತದೆ. ನೋಡಿ ಮಗನಿಗೆ ಹೇಳುತ್ತದೆ. ನಾಳೆ ಅದಕ್ಕೆ ಚಕ್ರ ಬಂದು, ತಲೆ ಬಂದು, ತಿರುಗಿ ನೋಡುವ ವಿದ್ಯೆಯೂ ಬಂದರೆ ಬೇಡ ಎನ್ನಲು ನನಗೆ ಬಾಯಿಲ್ಲ. ಮಳೆಗಾಲದ ರಾತ್ರಿ ಬಚ್ಚಲಲ್ಲಿ ಕಾಲು ಜಾರಿದವರಿಗೆ ಅಂಥದ್ದೊಂದು ಇರುವುದೇ ಕ್ಷೇಮ. ಆದರೆ ನಾಯಿ ಮುಖ ನೋಡಿದರೆ ಆ ನೋಟ ಅಲ್ಲಿಗೇ ಮುಗಿಯುತ್ತದೆ. ಅದರ ಹಿಂದೆ ಇನ್ನೊಬ್ಬರು ಕೂತಿರುವುದಿಲ್ಲ. ಅದಕ್ಕೆ ಬೇಕಾದದ್ದೂ, ಹಸಿವೋ ಭಯವೋ ಬರೀ ಜೊತೆಯೋ, ಅದೇ ಕಣ್ಣಿನಲ್ಲೇ ಇರುತ್ತದೆ. ಯಂತ್ರ ಕತ್ತು ತಿರುಗಿಸಿ ಪ್ರೀತಿಯಿಂದ ಎಂಬಂತೆ ನೋಡುವಾಗ, ಆ ಕಣ್ಣಿನ ಇನ್ನೊಂದು ತುದಿ ಯಾವ ಊರಿನ ಯಾವ ಕಂಪ್ಯೂಟರಿನಲ್ಲಿದೆ?

ಕುರುಡರನ್ನು ನಡೆಸುವ ನಾಯಿಗಳಿಗೆ ಮಾತು ಕೇಳುವುದನ್ನು ಕಲಿಸಿದ ಮೇಲೆ, ಮಾತು ಕೇಳದಿರುವುದನ್ನೂ ಕಲಿಸುತ್ತಾರೆ. ಯಜಮಾನ ಮುಂದೆ ನಡೆ ಎಂದರೂ ಲಾರಿ ಬರುತ್ತಿದ್ದರೆ ನಾಯಿ ಕದಲಬಾರದು. ನಾಯಿಯಿಂದ ಯಂತ್ರ ಕಲಿಯಬೇಕಾದ ವಿದ್ಯೆಗಳಲ್ಲಿ ಇದೇ ಕಠಿಣವಿರಬಹುದು: ಯಾವಾಗ ಯಜಮಾನನ ಮಾತು ಮೀರಬೇಕು, ಯಾವಾಗ ಯಜಮಾನನ ಮಗನ ಮಾತನ್ನು. ಹಲಸಿನ ಕಾಲದಲ್ಲಿ, ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹಿತ್ತಿಲ ಬಾಗಿಲಲ್ಲಿ ಕೂತು ನಾಲ್ಕು ತೊಳೆ ಹೆಚ್ಚಿಗೆ ತಿಂದರೆ, ಐದನೆಯ ತೊಳೆ ನಾಯಿಗೆ ಬೀಳುತ್ತದೆ. ವಿಷಯ ಅಲ್ಲಿಗೆ ಮುಗಿಯಿತು. ಯಂತ್ರದ ಬಾಯಿ ಮುಚ್ಚಿಸಲು ಏನು ಹಾಕಬೇಕೆಂದು ಹರ್ಟ್‌ಫರ್ಡ್‌ಶೈರಿನವರನ್ನೇ ಕೇಳಬೇಕು.